ಕಂಟೇನರುಗಳ ಕಿರ್ದಿ

ಹರಪನಹಳ್ಳಿಯ ದಲಾಲಿ ಅಂಗಡಿಗಳಲ್ಲಿ ಕಿರ್ದಿ ಪುಸ್ತಕವನ್ನು ಕಾಣದವರು ವಿರಳ. ಮೆಕ್ಕೆಜೋಳದ ಚೀಲ ಬಂದುದು, ಹಣ ಹೋದುದು, ಎಲ್ಲವೂ ನಡೆದ ಕ್ರಮದಲ್ಲಿಯೇ ಅದರಲ್ಲಿ ದಾಖಲಾಗುತ್ತವೆ. ಲೆಕ್ಕ ತಪ್ಪಿದಾಗ ಗುಮಾಸ್ತನು ಮೊದಲು ತೆರೆಯುವುದು ಅದನ್ನೇ. ಗಣಕಯಂತ್ರದ ತಂತ್ರಾಂಶಗಳೂ ಇಂತಹುದೇ ಒಂದು ಕಿರ್ದಿಯನ್ನು ಬರೆಯುತ್ತವೆ. ಅದಕ್ಕೆ ‘ಲಾಗು’ ಎಂದು ಹೆಸರು. ಒಂದೇ ಕೆಲಸಕ್ಕಾಗಿ ಕೂಡಿಕೊಂಡ ಹಲವು ತಂತ್ರಾಂಶಗಳ ಲಾಗುಗಳನ್ನು ಒಟ್ಟಿಗೆ ಓದುವ ಬಗೆಯನ್ನು, ನಮ್ಮ ಪ್ರಯೋಗಶಾಲೆಯ ಒಂದು ಪ್ರಸಂಗದ ಮೂಲಕ ಇಲ್ಲಿ ವಿವರಿಸುತ್ತೇನೆ.

ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ಗ್ರಾಮ ಪಂಚಾಯಿತಿಗಳಲ್ಲಿ ನೆಟ್ಟಿರುವ ಮಳೆಮಾಪಕಗಳು 15 ನಿಮಿಷಕ್ಕೊಮ್ಮೆ ತಮ್ಮ ಅಳತೆಯನ್ನು ತಾವಾಗಿಯೇ ಬೆಂಗಳೂರಿಗೆ ಕಳುಹಿಸುವುದನ್ನು ಓದುಗರು ಕೇಳಿರಬಹುದು. ಅದರಿಂದ ಉತ್ಸಾಹಗೊಂಡ ನಮ್ಮ ಬಿ.ಎಸ್‌ಸಿ. ವಿದ್ಯಾರ್ಥಿಗಳು ಕಾಲೇಜಿನ ಮಾಳಿಗೆಯ ಮೇಲೆ ಒಂದು ವಿದ್ಯುತ್ ಉಷ್ಣಮಾಪಕವನ್ನಿರಿಸಿದರು. ಬೇಸಗೆಯ ರಾತ್ರಿಯಲ್ಲಿ ಸಿಮೆಂಟಿನ ಮಾಳಿಗೆಯು ಹೇಗೆ ತಣಿಯುತ್ತದೆಂಬುದು ಅವರ ಪ್ರಶ್ನೆ. ನಿಮಿಷಕ್ಕೊಂದು ಅಳತೆ. ಅಳತೆಯನ್ನು ಬರಮಾಡಿಕೊಳ್ಳುವುದಕ್ಕೆ ಅವರೇ ಬರೆದ ‘ಸ್ವೀಕಾರ’ವೆಂಬ ತಂತ್ರಾಂಶ, ಕೂಡಿಡುವುದಕ್ಕೆ ಪೋಸ್ಟ್‌ಗ್ರೆಸ್ ಎಂಬ ದತ್ತಸಂಚಯ, ನಕ್ಷೆಯಾಗಿ ತೋರಿಸುವುದಕ್ಕೆ ಇನ್ನೊಂದು. ಈ ಮೂರನ್ನೂ ಮೂರು ಕಂಟೇನರುಗಳಲ್ಲಿರಿಸಿದ್ದರು.

ಕಂಟೇನರೆಂದರೇನು? ಒಂದು ತಂತ್ರಾಂಶವನ್ನು ಅದಕ್ಕೆ ಬೇಕಾದ ಸಾಮಗ್ರಿಯೊಡನೆ ಕಟ್ಟಿ, ಇತರ ತಂತ್ರಾಂಶಗಳ ಗೊಡವೆಯಿಲ್ಲದಂತೆ ಬೇರ್ಪಡಿಸಿದ ಕೋಣೆಯೆಂದು ತಿಳಿಯಬಹುದು. ಮನೆ ಒಂದೇ, ಅಂದರೆ ಲಿನಕ್ಸಿನ ತಿರುಳು ಒಂದೇ, ಕೋಣೆಗಳು ಹಲವು. 2013ರಲ್ಲಿ ಸಾಲೊಮನ್ ಹೈಕ್ಸ್ ಪ್ರಕಟಪಡಿಸಿದ ‘ಡಾಕರ್’ ಈ ವಿಧಾನವನ್ನು ಎಲ್ಲರ ಕೈಗೆ ಎಟುಕುವಂತೆ ಮಾಡಿತು. ಹಲವು ಕೋಣೆಗಳನ್ನು ಒಂದೇ ಕಡತದಲ್ಲಿ ವರ್ಣಿಸಿ ಒಂದೇ ಆಜ್ಞೆಯಿಂದ ನಡೆಸುವ ‘ಫಿಗ್’ ಎಂಬ ಸಾಧನವನ್ನು ಲಂಡನ್ನಿನ ಆರ್ಚರ್ಡ್ ಸಂಸ್ಥೆ ರಚಿಸಿತ್ತು. 2014ರಲ್ಲಿ ಅದು ಡಾಕರಿನವರಿಗೆ ಸೇರಿ ‘ಕಂಪೋಸ್’ ಎಂದಾಯಿತು.

ಈಗ ಪ್ರಸಂಗಕ್ಕೆ ಬರೋಣ. ಒಂದು ಮುಂಜಾನೆ ನೋಡಿದರೆ ನಕ್ಷೆಯ ಗೆರೆ ನಡುರಾತ್ರಿಯ ಬಳಿಕ ತುಂಡಾಗಿತ್ತು. ಮೂರು ಕಂಟೇನರುಗಳೂ ‘ನಡೆಯುತ್ತಿವೆ’ ಎಂದೇ ಯಂತ್ರದ ಉತ್ತರ. ಅವಸರದ ವಿದ್ಯಾರ್ಥಿಯೊಬ್ಬನು ‘ಡೌನ್’ ಆಜ್ಞೆಯಿಂದ ಎಲ್ಲವನ್ನೂ ಇಳಿಸಿ, ‘ಅಪ್’ ಆಜ್ಞೆಯಿಂದ ಮತ್ತೆ ಏರಿಸಿದನು. ಗೆರೆ ಮುಂದುವರಿಯಿತು. ಹಳೆಯ ಅಳತೆಗಳು ಕಂಟೇನರಿನ ಹೊರಗೆ ಪ್ರತ್ಯೇಕವಾಗಿದ್ದುದರಿಂದ ಉಳಿದವು. ಲಾಗು ಮಾತ್ರ ಅಳಿಯಿತು. ‘ಡೌನ್’ ಎಂಬುದು ಕಂಟೇನರನ್ನು ನಿಲ್ಲಿಸುವುದಷ್ಟೇ ಅಲ್ಲ, ತೆಗೆದೇ ಹಾಕುತ್ತದೆ. ಅದರ ಲಾಗೂ ಅದರೊಡನೆಯೇ ಹೋಗುತ್ತದೆ. ಬರಿದೆ ನಿಲ್ಲಿಸಲು ‘ಸ್ಟಾಪ್’ ಎಂಬುದುಂಟು. ನಾಲ್ಕು ದಿನಗಳಲ್ಲಿ ಗೆರೆ ಮತ್ತೆ ತುಂಡಾಯಿತು. ಈ ಸಲ ಯಾರೂ ಏನನ್ನೂ ಮುಟ್ಟಕೂಡದೆಂದು ಹೇಳಿ, ಆ ಕಡತವಿದ್ದ ಸ್ಥಳದಲ್ಲಿಯೇ ‘ಡಾಕರ್ ಕಂಪೋಸ್ ಲಾಗ್ಸ್’ ಎಂಬ ಆಜ್ಞೆಯನ್ನು ಕೊಟ್ಟೆವು.

ಪರದೆಯ ಮೇಲೆ ಸಾಲುಗಳು ಹೊಳೆಯಂತೆ ಹರಿದವು. ಪ್ರತಿ ಸಾಲಿನ ಆರಂಭದಲ್ಲಿ ಕಂಟೇನರಿನ ಹೆಸರು, ಒಂದು ಕಂಬದ ಗೆರೆ, ಆಮೇಲೆ ಸುದ್ದಿ. ‘ಟೇಲ್’ ಎಂದು ಸಂಖ್ಯೆ ಕೊಟ್ಟರೆ ಪ್ರತಿಯೊಂದರ ಕೊನೆಯ ಅಷ್ಟೇ ಸಾಲುಗಳು ಬರುತ್ತವೆ. ‘ಸಿನ್ಸ್’ ಎಂದರೆ ಇಂತಹ ವೇಳೆಯಿಂದೀಚಿನವು. ‘ಫಾಲೋ’ ಎಂದರೆ ಹೊಸ ಸಾಲುಗಳು ಬಂದಂತೆಲ್ಲ ಕಾಣುತ್ತವೆ. ಸೇವೆಯ ಹೆಸರನ್ನು ಸೇರಿಸಿದರೆ ಅದೊಂದರದೇ ಲಾಗು.

ನಾವು ಮೊದಲು ಒಂದೊಂದನ್ನೇ ಓದಿ ಮೋಸಹೋದೆವು. ಸ್ವೀಕಾರವು ‘ದತ್ತಸಂಚಯದ ಸಂಪರ್ಕ ದೊರೆಯಲಿಲ್ಲ’ ಎನ್ನುತ್ತಿತ್ತು. ದತ್ತಸಂಚಯವು ‘ಸಂಪರ್ಕಕ್ಕೆ ಸಿದ್ಧನಿದ್ದೇನೆ’ ಎನ್ನುತ್ತಿತ್ತು. ಇಬ್ಬರು ಸಾಕ್ಷಿಗಳು, ಎರಡು ಮಾತು! ಸತ್ಯವಿದ್ದುದು ವೇಳೆಯಲ್ಲಿ. ‘ಟೈಮ್‌ಸ್ಟ್ಯಾಂಪ್ಸ್’ ಎಂದು ಸೇರಿಸಿದರೆ ಪ್ರತಿ ಸಾಲಿಗೂ ವೇಳೆ ಬೀಳುತ್ತದೆ. ಆದರೆ ಕಂಪೋಸ್ ಹಲವು ಲಾಗುಗಳನ್ನು ಬೆರೆಸುವಾಗ ಸಾಲುಗಳು ವೇಳೆಯ ಕ್ರಮದಲ್ಲಿಯೇ ಬರುವುವೆಂಬ ಭರವಸೆಯಿಲ್ಲ. ಆದುದರಿಂದ ಅವನ್ನು ‘ಸಾರ್ಟ್’ ಆಜ್ಞೆಗೆ ಹಾಯಿಸಿ, ಮೂರನೆಯ ಕಂಬದಲ್ಲಿರುವ ವೇಳೆಯಂತೆ ಜೋಡಿಸಿಕೊಂಡೆವು.

20 ಗಂಟೆ 44 ನಿಮಿಷ 7 ಸೆಕೆಂಡಿಗೆ ಸ್ವೀಕಾರದ ದೂರು. 11ನೆಯ ಸೆಕೆಂಡಿಗೆ ದತ್ತಸಂಚಯದ ಸಿದ್ಧತೆ. ರಾತ್ರಿ ಒಂಬತ್ತರ ಸುಮಾರಿಗೆ ಎಲ್ಲವೂ ಸರಿಯಾಗಿತ್ತಲ್ಲ ಎಂದು ವಿದ್ಯಾರ್ಥಿಗಳು ವಾದಿಸಿದರು. ಡಾಕರು ಬರೆಯುವುದು ಜಾಗತಿಕ ವೇಳೆ. ಭಾರತದ ವೇಳೆಗೆ 5 ಗಂಟೆ 30 ನಿಮಿಷ ಕೂಡಿಸಬೇಕು. ಆಗ 2 ಗಂಟೆ 14 ನಿಮಿಷವಾಯಿತು, ಅಂದರೆ ವಿದ್ಯುತ್ತು ಹೋಗಿ ಮರಳಿ ಬಂದ ವೇಳೆ. ಅರ್ಧದಲ್ಲಿ ನಿಂತುಹೋದ ದತ್ತಸಂಚಯವು ಎದ್ದೊಡನೆ ತನ್ನ ಲೆಕ್ಕವನ್ನು ಸರಿಪಡಿಸಿಕೊಳ್ಳುತ್ತದೆ, ಅಷ್ಟರವರೆಗೆ ಯಾರನ್ನೂ ಒಳಬಿಡುವುದಿಲ್ಲ. ಆ ನಾಲ್ಕು ಸೆಕೆಂಡುಗಳೊಳಗೆ ಸ್ವೀಕಾರವು ಒಮ್ಮೆ ಬಾಗಿಲು ತಟ್ಟಿ, ಮತ್ತೆ ತಟ್ಟದೆ, ಬೆಳಗಿನವರೆಗೂ ಅಳತೆಗಳನ್ನು ಚೆಲ್ಲಿತ್ತು. ಸೂರ್ಯೋದಯಕ್ಕೆ ಮುಂಚಿನ ಕನಿಷ್ಠ ಉಷ್ಣತೆ, ಪ್ರಯೋಗದ ಜೀವಾಳವೇ, ಎರಡು ರಾತ್ರಿ ನಷ್ಟವಾಯಿತು.

ದತ್ತಸಂಚಯ ಸಿದ್ಧವಾಗುವವರೆಗೆ ಕಾಯೆಂದು ಕಂಪೋಸಿನ ಕಡತದಲ್ಲಿ ಬರೆಯಬಹುದು. ಆದರೆ ಯಂತ್ರವು ತಾನಾಗಿ ಎದ್ದಾಗ ಡಾಕರು ಆ ಸರದಿಯನ್ನು ಲೆಕ್ಕಿಸದು. ಆದಕಾರಣ ಸೋತರೆ ಐದು ಸೆಕೆಂಡು ಬಿಟ್ಟು ಮತ್ತೆ ಯತ್ನಿಸುವಂತೆ ಸ್ವೀಕಾರವನ್ನೇ ತಿದ್ದಿಸಿದೆನು. ಇನ್ನೊಂದು ಮಾತು: ನಾವು ಮಿತಿ ಹಾಕದಿದ್ದರೆ ಡಾಕರಿನ ರೂಢಿಯ ಲಾಗು ಡಿಸ್ಕು ತುಂಬುವವರೆಗೂ ಬೆಳೆಯುತ್ತದೆ. ಪ್ರತಿ ಕಂಟೇನರಿಗೆ 10 ಮೆಗಾಬೈಟಿನ ಮೂರು ಕಡತಗಳೆಂದು ನಾವು ಗೊತ್ತುಮಾಡಿದ್ದೇವೆ. ನಿಮಿಷಕ್ಕೊಂದು ಅಳತೆಗೆ ಅದು ಧಾರಾಳ.