ಕ್ಯಾನ್ ನೀರು, ಡಬ್ಬದ ಆಹಾರ ಮತ್ತು ನಿಮ್ಮ ಬಿ.ಪಿ.

ಊರಲ್ಲಿ ಬಾವಿ ನೀರು ಕುಡಿದು ಬೆಳೆದವರು ಚೆನ್ನೈಗೋ ಹೈದರಾಬಾದಿಗೋ ಬಂದ ಮೇಲೆ 20 ಲೀಟರ್ ಕ್ಯಾನಿಗೆ ಒಗ್ಗಿಕೊಂಡಿದ್ದೇವೆ. "ಪ್ಲಾಸ್ಟಿಕ್ ಕ್ಯಾನ್ ನೀರಿಂದ ಹಾರ್ಟ್ ಅಟ್ಯಾಕ್ ಆಗುತ್ತಂತೆ, ನಿಜವಾ ಡಾಕ್ಟ್ರೇ?" ಎಂದು ಹಲವರು ಕೇಳುತ್ತಾರೆ. ಪೂರ್ತಿ ನಿಜವಲ್ಲ, ಪೂರ್ತಿ ಸುಳ್ಳೂ ಅಲ್ಲ.

ಇದರ ಹಿಂದಿರುವ ವಸ್ತು ಬಿಸ್ಫಿನಾಲ್-ಎ, ಅಂದರೆ ಬಿಪಿಎ. (ಬಿ.ಪಿ.ಗೂ ಈ ಹೆಸರಿಗೂ ಸಂಬಂಧವಿಲ್ಲ!) ಇದು ಫಿನಾಲ್ ಕುಟುಂಬದ್ದು. ಕುಟುಂಬದ ಹೆಸರು ಕೇಳಿ ಹೆದರಬೇಡಿ. ಲವಂಗದ ಯೂಜಿನಾಲ್, ಓಮದ ಥೈಮಾಲ್, ಜ್ವರದ ಪ್ಯಾರಾಸಿಟಮಾಲ್ ಕೂಡ ಅದೇ ಮನೆಯವು. ಫಿನಾಲ್ ಉಂಗುರಕ್ಕೆ ಏನು ಅಂಟಿಕೊಂಡಿದೆ ಎನ್ನುವುದರ ಮೇಲೆ ಗುಣ ಬದಲಾಗುತ್ತದೆ. ಬಿಪಿಎ ಈಸ್ಟ್ರೋಜನ್ ಹಾರ್ಮೋನಿನಂತೆ ನಟಿಸುತ್ತದೆ. ಇದು 1930ರ ದಶಕದಲ್ಲೇ ಗೊತ್ತಾಗಿತ್ತು.

ಗಟ್ಟಿಯಾದ ಪಾಲಿಕಾರ್ಬೊನೇಟ್ ಕ್ಯಾನು, ತಗಡಿನ ಡಬ್ಬದ ಒಳಲೇಪ, ಅಂಗಡಿಯ ನುಣುಪು ಬಿಲ್ ಚೀಟಿ, ಇವು ಮುಖ್ಯ ಮೂಲಗಳು. ಒಂದು ಲೀಟರಿನ ತೆಳು ಬಾಟಲಿ ಪೆಟ್ ಪ್ಲಾಸ್ಟಿಕ್ಕಿನದು; ಅದನ್ನು ಬಿಪಿಎಯಿಂದ ಮಾಡುವುದಿಲ್ಲ.

ಹೃದಯದ ವೈದ್ಯನಾಗಿ ನನ್ನ ಗಮನ ಸೆಳೆದದ್ದು ದಕ್ಷಿಣ ಕೊರಿಯಾದಲ್ಲಿ ನಡೆದು 2015ರಲ್ಲಿ ಪ್ರಕಟವಾದ ಒಂದು ಪ್ರಯೋಗ. 60 ದಾಟಿದ 60 ಜನರಿಗೆ ಅದೇ ಸೋಯಾ ಹಾಲನ್ನು ಒಮ್ಮೆ ಗಾಜಿನ ಬಾಟಲಿಯಲ್ಲಿ, ಇನ್ನೊಮ್ಮೆ ಡಬ್ಬದಲ್ಲಿ ಕೊಟ್ಟರು. ಎರಡು ಡಬ್ಬ ಕುಡಿದು ಎರಡು ಗಂಟೆ ಕಳೆದಾಗ ಮೂತ್ರದಲ್ಲಿ ಬಿಪಿಎ ಹಲವು ಪಟ್ಟು ಏರಿತ್ತು. ಮೇಲಿನ ಬಿ.ಪಿ. ಗಾಜಿನ ಬಾಟಲಿಯಲ್ಲಿ ಕುಡಿದಾಗಿಗಿಂತ ಸುಮಾರು 4.5 ಅಂಕ ಹೆಚ್ಚಿತ್ತು. ಇದು ಚಿಕ್ಕ ಪ್ರಯೋಗ, ತಾತ್ಕಾಲಿಕ ಏರಿಕೆ; ಇದರಿಂದ ಹಾರ್ಟ್ ಅಟ್ಯಾಕ್ ಆಗುತ್ತದೆಂದು ಸಾಬೀತಾಗುವುದಿಲ್ಲ. ಆದರೆ ಈಗಾಗಲೇ ಬಿ.ಪಿ. ಇರುವವರು ತಳ್ಳಿಹಾಕುವಂಥದ್ದೂ ಅಲ್ಲ. ಯುರೋಪಿನ ಆಹಾರ ಸುರಕ್ಷತಾ ಸಂಸ್ಥೆ 2023ರಲ್ಲಿ ದಿನದ ಸುರಕ್ಷಿತ ಮಿತಿಯನ್ನು 20,000 ಪಟ್ಟು ಇಳಿಸಿತು.

ಸಮಾಧಾನದ ವಿಷಯವೆಂದರೆ ಬಿಪಿಎ ದೇಹದಲ್ಲಿ ಕೂತುಬಿಡುವುದಿಲ್ಲ. ಬಹುಪಾಲು ಒಂದೇ ದಿನದಲ್ಲಿ ಮೂತ್ರದಲ್ಲಿ ಹೋಗುತ್ತದೆ. ತೊಂದರೆ ಏನೆಂದರೆ ನಾವು ದಿನಾ ತುಂಬಿಸುತ್ತಲೇ ಇರುತ್ತೇವೆ.

ಹಾಗಂತ ಕ್ಯಾನ್ ನೀರು ಬಿಟ್ಟು ಕೊಳಕು ನಲ್ಲಿ ನೀರು ಕುಡಿಯಬೇಡಿ. ಟೈಫಾಯ್ಡ್, ಕಾಮಾಲೆ ಕಾದಿರುವುದಿಲ್ಲ. ಕ್ಯಾನನ್ನು ಬಾಲ್ಕನಿಯ ಬಿಸಿಲಲ್ಲಿ ಇಡಬೇಡಿ. ಮಂಜಾದ, ಗೀಚುಬಿದ್ದ ಹಳೇ ಕ್ಯಾನ್ ಬಂದರೆ ವಾಪಸ್ ಕಳಿಸಿ. ಬಂದ ನೀರನ್ನು ಸ್ಟೀಲ್ ಕೊಳಗಕ್ಕೆ ಬಗ್ಗಿಸಿಕೊಳ್ಳಿ. ಬಿಸಿ ಸಾರು, ಕಾಫಿ ಪ್ಲಾಸ್ಟಿಕ್ಕಿಗೆ ಹಾಕುವುದೇ ಬೇಡ, ಬಿಸಿ ತಗಲಿದರೆ ಬಿಪಿಎ ಬೇಗ ಬಿಡುತ್ತದೆ. "ಬಿಪಿಎ ಫ್ರೀ" ಎಂಬ ಚೀಟಿ ನೋಡಿ ಮರುಳಾಗಬೇಡಿ, ಎಷ್ಟೋ ಕಡೆ ಅದರ ತಮ್ಮ ಬಿಪಿಎಸ್ ಕೂತಿರುತ್ತಾನೆ. ಮಗುವಿಗೆ ಅಟ್ಟದ ಮೇಲಿನ ಹಳೇ ಹಾಲಿನ ಬಾಟಲಿ ತೆಗೆಯಬೇಡಿ, ಸ್ಟೀಲ್ ಒಳಲೆ ಸಾಕು.

ಇನ್ನೊಂದು ಮಾತು: ಸ್ಟೀಲ್ ಬಾಟಲಿ ಕೊಂಡೆವೆಂದು ಬಿ.ಪಿ. ಮಾತ್ರೆ ನಿಲ್ಲಿಸಬೇಡಿ. ಊರಿಂದ ಬಸ್ಸಿನಲ್ಲಿ ಬರುವ ಉಪ್ಪಿನಕಾಯಿ, ಹಪ್ಪಳದ ಉಪ್ಪು ಬಿ.ಪಿ. ಏರಿಸುತ್ತದೆ ಎನ್ನುವುದಕ್ಕೆ ಬಿಪಿಎಗಿಂತ ಎಷ್ಟೋ ಗಟ್ಟಿ ಪುರಾವೆ ಇದೆ.