ನೆರಳೆಂದರೆ ಕತ್ತಲೆಯಲ್ಲ

ಬಾಲ್ಕನಿ ಉತ್ತರಕ್ಕಿದೆ, ಬಿಸಿಲೇ ಬೀಳುವುದಿಲ್ಲ, ಇಲ್ಲೇನು ಗಿಡ ಬೆಳೆಸಲಿ ಎಂದು ಕೈಚೆಲ್ಲಬೇಡ ಮಗಳೇ. ಗುಲಾಬಿ, ದಾಸವಾಳಕ್ಕೆ ಬಿಸಿಲು ಬೇಕು, ನಿಜ. ಆದರೆ ಎಲೆಯಲ್ಲೇ ಬಣ್ಣ ತುಂಬಿಕೊಂಡ ಕಲೇಡಿಯಂ, ಕೋಲಿಯಸ್, ಅಗ್ಲೊನೀಮಾ, ರೆಕ್ಸ್ ಬಿಗೋನಿಯಾಗಳಿಗೆ ನಿನ್ನ ಬಾಲ್ಕನಿಯಂಥ ಜಾಗವೇ ಹೇಳಿ ಮಾಡಿಸಿದ್ದು. ಇವುಗಳ ಮೂಲ ಗಿಡಗಳು ಹೆಚ್ಚಾಗಿ ಕಾಡಿನಲ್ಲಿ, ದೊಡ್ಡ ಮರಗಳ ಅಡಿಯಲ್ಲಿ ಬೆಳೆದವು. ಮಧ್ಯಾಹ್ನದ ಬಿಸಿಲು ನೇರ ತಾಗಿದರೆ ಎಲೆ ಸುಟ್ಟುಹೋಗುತ್ತದೆ.

ಹಾಗಂತ ಹಾಲ್‌ನ ಕತ್ತಲ ಮೂಲೆಯಲ್ಲಿ ಇಡಬೇಡ. ಮಧ್ಯಾಹ್ನ ಹನ್ನೆರಡಕ್ಕೆ ಗಿಡದ ಮೇಲೆ ಒಂದಡಿ ಎತ್ತರದಲ್ಲಿ ಕೈ ಹಿಡಿದು ನೋಡು. ಕೈಯ ನೆರಳು ಅಂಚು ಮಸುಕಾಗಿ ಬಿದ್ದರೆ ಬೆಳಕು ಹದವಾಗಿದೆ. ನೆರಳೇ ಬೀಳದಿದ್ದರೆ ಆ ಜಾಗದಲ್ಲಿ ಬಣ್ಣ ಉಳಿಯುವುದಿಲ್ಲ, ಗಿಡ ಕಿಟಕಿಯ ಕಡೆ ಸೊರಗಿ ಬಾಗುತ್ತದೆ. ನರ್ಸರಿಯಲ್ಲಿ ಕ್ರೋಟನ್ ಕಂಡು ಮನಸೋಲಬೇಡ. ಅದು ಬಿಸಿಲಿನ ಗಿಡ. ನೆರಳಿಗೆ ತಂದರೆ ಹೊಸ ಎಲೆಗಳೆಲ್ಲ ಹಸಿರಾಗಿಯೇ ಬರುತ್ತವೆ.

ಶುರು ಮಾಡುವುದಾದರೆ ಕೋಲಿಯಸ್‌ನಿಂದ ಮಾಡು. ತುಳಸಿಯ ಕುಟುಂಬದ್ದೇ, ದಂಟು ಮುಟ್ಟಿದರೆ ಚೌಕವಾಗಿರುವುದು ಬೆರಳಿಗೆ ತಿಳಿಯುತ್ತದೆ. ನಾಲ್ಕಿಂಚಿನ ತುದಿ ಚಿವುಟಿ, ಕೆಳಗಿನ ಎಲೆ ತೆಗೆದು ಲೋಟದ ನೀರಿನಲ್ಲಿಟ್ಟರೆ ಒಂದೆರಡು ವಾರದಲ್ಲಿ ಬೇರು ಬಿಡುತ್ತದೆ. ನೀಲಿ ಹೂತೆನೆ ತಲೆ ಎತ್ತಿದ ಕೂಡಲೇ ಚಿವುಟಿಬಿಡು, ಕನಿಕರ ಬೇಡ. ಹೂ ಬಿಟ್ಟರೆ ಎಲೆ ಸಣ್ಣದಾಗಿ ಗಿಡ ಕಡ್ಡಿಯಾಗುತ್ತದೆ. ಮುಂಜಾನೆಯ ಎಳೆಬಿಸಿಲು ಒಂದಿಷ್ಟು ಸಿಕ್ಕರೆ ಇದರ ಬಣ್ಣ ಇನ್ನೂ ಚೆನ್ನ.

ಅಗ್ಲೊನೀಮಾವನ್ನು ಕೊಲ್ಲುವುದು ನಮ್ಮ ಪ್ರೀತಿ, ಅಂದರೆ ದಿನಾ ಸುರಿಯುವ ಚೊಂಬು ನೀರು. ಮಣ್ಣಿಗೆ ಬೆರಳಿಟ್ಟು ನೋಡು, ಎರಡು ಗೆಣ್ಣು ಒಣಗಿದ್ದರೆ ಮಾತ್ರ ಹಾಕು. ಕೆಂಪುಮಣ್ಣು, ಗೊಬ್ಬರ, ತೆಂಗಿನ ನಾರಿನ ಪುಡಿ ಸಮ ಬೆರೆಸಿ, ಮೇಲೊಂದು ಹಿಡಿ ದಪ್ಪ ಮರಳು ಸೇರಿಸಿದರೆ ನೀರು ನಿಲ್ಲುವುದಿಲ್ಲ. ಕುಂಡದ ಕೆಳಗಿನ ತಟ್ಟೆಯಲ್ಲಿ ನಿಂತ ನೀರು ಚೆಲ್ಲು, ಸೊಳ್ಳೆಯೂ ತಪ್ಪುತ್ತದೆ. ಎಲೆಯ ಬುಡದಲ್ಲಿ ಬಿಳಿ ಹತ್ತಿಯಂಥದ್ದು ಕಂಡರೆ ಅದು ಹಿಟ್ಟುತಿಗಣೆ. ಒದ್ದೆ ಬಟ್ಟೆಯಲ್ಲಿ ಒರೆಸಿ, ಲೀಟರ್ ನೀರಿಗೆ 5 ಮಿಲಿ ಬೇವಿನೆಣ್ಣೆ, ಎರಡು ಹನಿ ಸೋಪಿನ ದ್ರಾವಣ ಬೆರೆಸಿ ಸಂಜೆ ಹೊತ್ತು ಸಿಂಪಡಿಸು.

ಇನ್ನು ಕಲೇಡಿಯಂ. ಆಗಸ್ಟ್‌ನಲ್ಲಿ ಲಾಲ್‌ಬಾಗ್ ಫಲಪುಷ್ಪ ಪ್ರದರ್ಶನ ನಡೆಯುವ ಹೊತ್ತಿಗೆ ಇದಕ್ಕೆ ಭರ್ತಿ ಯೌವನ. ಬಿಳಿ ಎಲೆಯಲ್ಲಿ ಹಸಿರು ನರ, ಗುಲಾಬಿ ಎಲೆಯಲ್ಲಿ ಕೆಂಪು ಚುಕ್ಕಿ, ಯಾರಾದರೂ ಕೊಳ್ಳಲೇಬೇಕು. ನವೆಂಬರ್ ದಾಟುತ್ತಲೇ ಎಲೆಗಳು ಒಂದೊಂದಾಗಿ ಬಾಗಿ ಒಣಗುತ್ತವೆ. ಸತ್ತಿತೆಂದು ಜನ ಕುಂಡ ಸಮೇತ ಕಸಕ್ಕೆ ಹಾಕುತ್ತಾರೆ. ಇದನ್ನು ನೋಡಿದಾಗಲೆಲ್ಲ ನನಗೆ ಸಂಕಟ. ಅದು ಸತ್ತಿಲ್ಲಮ್ಮ, ಮಣ್ಣೊಳಗೆ ಗೆಡ್ಡೆ ಜೀವಂತವಾಗಿದೆ. ನೀರು ನಿಲ್ಲಿಸಿ, ಕುಂಡವನ್ನು ಮಳೆ ತಾಗದ ಕಡೆ ಸರಿಸಿಡು. ಬೇಕಾದರೆ ಗೆಡ್ಡೆ ತೆಗೆದು, ಮಣ್ಣು ಕೊಡವಿ, ಒಣ ಮರಳಿನಲ್ಲಿ ಇಡಬಹುದು. ಏಪ್ರಿಲ್ ವೇಳೆಗೆ ಕಣ್ಣು ಮೇಲಾಗಿ ಎರಡಿಂಚು ಆಳಕ್ಕೆ ನೆಡು. ಪಕ್ಕದಲ್ಲಿ ಮರಿಗೆಡ್ಡೆಗಳಿದ್ದರೆ ಬಿಡಿಸಿ ಬೇರೆ ಕುಂಡಕ್ಕೆ ಹಾಕು, ನೆರೆಮನೆಗೂ ಕೊಡು.

ಒಂದು ಎಚ್ಚರಿಕೆ. ಕಲೇಡಿಯಂ, ಅಗ್ಲೊನೀಮಾ ಎರಡೂ ಕೆಸುವಿನ ಬಳಗದವೇ ಆದರೂ ಅಡುಗೆಗಲ್ಲ. ಎಲೆ ಕಚ್ಚಿದರೆ ಬಾಯಿ, ಗಂಟಲು ಉರಿದು ಊದಿಕೊಳ್ಳುತ್ತದೆ. ಅಂಬೆಗಾಲಿಡುವ ಮಗು, ಬೆಕ್ಕು ಇರುವ ಮನೆಯಲ್ಲಿ ಕುಂಡವನ್ನು ಎತ್ತರದಲ್ಲೇ ಇಡು.

ಕೋಲಿಯಸ್‌ಗೆ ದುಡ್ಡು ಕೊಡಬೇಡ. ನಮ್ಮ ಮನೆಗೆ ಬಂದಾಗ ತುದಿಗಳನ್ನು ಕತ್ತರಿಸಿ ಕೊಡುತ್ತೇನೆ.