ಎರೆನಾಡಿನ ಮನೆಯಲ್ಲಿ ದಿನದ ಕಸ

ಗಜೇಂದ್ರಗಡ ಸೀಮೆಯಲ್ಲಿ ಗಾಳಿಗೆ ಬೆಲೆ ಬಂದು ಬಹಳ ವರ್ಷವಾಯಿತು. ಗುಡ್ಡದ ನೆತ್ತಿಯ ಮೇಲೆ ಗಾಳಿಯಂತ್ರಗಳು ಸಾಲುಗಟ್ಟಿ ನಿಂತಿವೆ. ರೆಕ್ಕೆ ತಿರುಗಿದಷ್ಟೂ ಕರೆಂಟು. ಅದೇ ಗಾಳಿ ಎರೆಹೊಲ ದಾಟಿ ರಾಜೂರಿನೊಳಗೆ ಬರುವಾಗ ಮಾತ್ರ ಧೂಳು ಹೊತ್ತು ತರುತ್ತದೆ. ಮಳೆಗಾಲದಲ್ಲಿ ಎರೆಮಣ್ಣು ಚಪ್ಪಲಿಗೆ ಅಂಟಿಕೊಂಡು ಹೊಸ್ತಿಲು ದಾಟುತ್ತದೆ, ಬೇಸಿಗೆಯಲ್ಲಿ ಹಿಟ್ಟಾಗಿ ಕಿಟಕಿಯ ಸಂದಿಯಿಂದ ನುಸುಳುತ್ತದೆ. ಆಷಾಢದಲ್ಲಂತೂ ಬೆಳಗ್ಗೆ ಒರೆಸಿದ ಟಿವಿಯ ಮೇಲೆ ಸಂಜೆ ಮಕ್ಕಳು ಬೆರಳಿನಿಂದ ಹೆಸರು ಬರೆಯುತ್ತಾರೆ. ವರ್ಷಕ್ಕೆ 600 ಮಿ.ಮೀ. ಆಸುಪಾಸು ಮಳೆ ಕಾಣುವ ಜಿಲ್ಲೆ ಇದು. ಧೂಳನ್ನು ಅದುಮಿ ಕೂರಿಸಲು ಅಷ್ಟು ನೀರು ಎಲ್ಲಿಗೂ ಸಾಲದು.

ಇಂಥ ಊರಿನಲ್ಲಿ ದಿನಾ ಕಸಬರಿಗೆ ಹಿಡಿಯುವ ಹುಮ್ಮಸ್ಸು ಎಲ್ಲಿಂದ ಬರಬೇಕು? ಸೊಸೆಯಾಗಿ ಬಂದ ಹೊಸದರಲ್ಲಿ ಅತ್ತೆಯವರನ್ನೇ ಕೇಳಿದ್ದೆ: "ಅತ್ತಿ, ದಿನಾ ಅದನ್ನ ಮಾಡಾಕ ನಿಮಗ ಬ್ಯಾಸರಾ ಬರೂದಿಲ್ಲೇನ್ರಿ?" ಅವರು ಒಲೆಯ ಬೂದಿ ಬಳಿಯುತ್ತಲೇ ಉತ್ತರ ಕೊಟ್ಟರು. "ಬರ್ತೈತಿ ಬಿಡವ್ವಾ. ಬಂದ್ರ ಬರ್ಲಿ, ಅದರ ಪಾಡಿಗೆ ಅದು ಕುಂದರತೈತಿ. ಮನಸ್ಸು ಬರೂತನಕಾ ನಾವೂ ಕುಂತ್ರ ಎಮ್ಮಿ ಹಿಂಡೋರ‍್ಯಾರು?"

ಆ ಮಾತಿನೊಳಗೆ ಎಮ್ಮೆ ಬಂದದ್ದಕ್ಕೆ ಕಾರಣವಿದೆ. ಈ ಭಾಗದ ಹಳೆಯ ಮಾಳಿಗೆ ಮನೆಗಳಲ್ಲಿ ತಲೆಬಾಗಿಲು ದಾಟಿದರೆ ಮೊದಲು ಸಿಗುವುದು ದನ ಕಟ್ಟುವ ಜಾಗ. ಅದಕ್ಕಿಂತ ತುಸು ಎತ್ತರದಲ್ಲಿ ಪಡಸಾಲೆ, ಅದರಾಚೆ ನಡುಮನೆ, ಅಡುಗೆಮನೆ. ದನಕ್ಕೂ ಮನುಷ್ಯರಿಗೂ ಒಂದೇ ಬಾಗಿಲು, ಮೇಲೊಂದು ಬೆಳಕಿಂಡಿ. ಬೆಳಗ್ಗೆ ಎದ್ದು ಸಗಣಿ ತೆಗೆಯದಿದ್ದರೆ ಅಲ್ಲಿ ಉಸಿರಾಡುವುದೇ ಕಷ್ಟ. ತೆಗೆದ ಸಗಣಿ ತಿಪ್ಪೆಗೆ ಹೋಗಬೇಕು ಇಲ್ಲವೇ ಕುಳ್ಳು ತಟ್ಟಬೇಕು. ಅದರಲ್ಲೇ ಒಂದು ಮುದ್ದೆ ಬದಿಗಿಟ್ಟರೆ ನೆಲ ಸಾರಿಸಲು ಆಯಿತು. ಒಂದು ಕೆಲಸದ ಬಾಲ ಹಿಡಿದು ಇನ್ನೊಂದು ಬರುತ್ತಿತ್ತು. ಎಲ್ಲಿಂದ ಶುರು ಮಾಡಲಿ ಎಂದು ಯೋಚಿಸುತ್ತ ನಿಲ್ಲುವ ಅವಕಾಶವೇ ಇರಲಿಲ್ಲ.

ಸಾರಿಸುವುದನ್ನು ಹತ್ತಿರದಿಂದ ನೋಡಬೇಕು. ಬಕೀಟಿನಲ್ಲಿ ಸಗಣಿಯನ್ನು ನೀರಿಗೆ ಕಲಸಿ, ಕಡ್ಡಿ, ಹುಲ್ಲು ಆರಿಸಿ ತೆಗೆದು, ಬಾಗಿಲಿಗೆ ದೂರದ ಮೂಲೆಯಿಂದ ಆರಂಭ. ತುದಿಗಾಲಲ್ಲಿ ಕುಳಿತು, ಎಡಗೈ ಮೊಣಕಾಲ ಮೇಲೆ ಊರಿ, ಬಲಗೈಯನ್ನು ಗೋಡೆಯ ಕಡೆಯಿಂದ ತನ್ನತ್ತ ಕಮಾನಿನ ಹಾಗೆ ಎಳೆದುಕೊಳ್ಳಬೇಕು. ಒಂದು ಕಮಾನಿನ ಅಂಚಿನ ಮೇಲೆ ಇನ್ನೊಂದು ಏರಬೇಕು, ಇಲ್ಲದಿದ್ದರೆ ನಡುವೆ ಒಣನೆಲ ಇಣುಕುತ್ತದೆ. ಹೀಗೆ ಹಿಂದೆ ಸರಿಯುತ್ತ ಬಾಗಿಲಿಗೆ ಬಂದು ಹೊರಬೀಳಬೇಕು. ಒಣಗುವವರೆಗೆ ಯಾರೂ ತುಳಿಯುವಂತಿಲ್ಲ. ಕೋಳಿಗಳಿಗೆ ಮಾತ್ರ ಈ ಕಾನೂನು ಎಂದೂ ತಿಳಿದದ್ದಿಲ್ಲ. ವಾರ ಬಿಟ್ಟರೆ ಮಣ್ಣಿನ ನೆಲ ಎದ್ದು ಬರುತ್ತದೆ, ಬಿರುಕಿನಲ್ಲಿ ಚಿಗಟ ಸೇರಿಕೊಳ್ಳುತ್ತದೆ. ಅದಕ್ಕೇ ಸೋಮವಾರ, ಶುಕ್ರವಾರ, ಅಮಾವಾಸ್ಯೆ ಎಂದು ದಿನ ಗೊತ್ತು ಮಾಡಿಟ್ಟಿದ್ದರು. ಹಬ್ಬ ಬಂದರೆ ಗೋಡೆಗೆ ಸುಣ್ಣ, ಅಂಚಿಗೆ ಹುರುಮಂಜು. ಮಹಾನವಮಿಗೆ ಮುಂಚೆ ಮನೆಯ ಕೌದಿಗಳೆಲ್ಲ ಗಂಟು ಕಟ್ಟಿಕೊಂಡು ಹಳ್ಳಕ್ಕೆ ಹೋಗುತ್ತಿದ್ದವು.

ದಿನದ ಎರಡು ತುದಿಗೂ ಹೀಗೇ ಗೂಟ ಬಡಿದಿತ್ತು. ಬೆಳಗಿನ ಗೂಟ ಅಂಗಳಕ್ಕೆ ಥಳಿ ಹೊಡೆದು ರಂಗೋಲಿ ಹಾಕುವುದು. ಅದು ಬೀದಿಗೆ ಕಾಣುವ ಕೆಲಸ, ಹೊತ್ತು ಏರಿದ ಮೇಲೂ ಅಂಗಳ ಒಣಗಿದ್ದರೆ "ಯಾಕವಾ, ಆರಾಮಿಲ್ಲೇನು?" ಎಂದು ಎದುರುಮನೆಯವರು ಕೇಳಿಯೇ ಕೇಳುತ್ತಾರೆ. ಸಂಜೆಯ ಗೂಟ ದೀಪ. ದೀಪ ಹಚ್ಚಿದ ಮೇಲೆ ಕಸ ಹೊಡೆಯಬಾರದು, ಹೊಡೆದರೂ ಹೊರಗೆ ಚೆಲ್ಲಬಾರದು, ಲಕ್ಷ್ಮಿ ಹೋಗುತ್ತಾಳೆ. ಎಣ್ಣೆದೀಪದ ಮಂದ ಬೆಳಕಿನಲ್ಲಿ ಮೂಗುತಿಯ ಹರಳೋ ಕಿವಿಯ ತಿರುಪೋ ಕಸದ ಜೊತೆ ತಿಪ್ಪೆ ಸೇರೀತು ಎಂಬ ಎಚ್ಚರಿಕೆ ಇದರ ಹಿಂದೆ ಇದೆ ಎನ್ನುವವರುಂಟು. ನಂಬಿಕೆ ಏನೇ ಇರಲಿ, ಅದರಿಂದ ಆಗುತ್ತಿದ್ದ ಉಪಕಾರ ದೊಡ್ಡದು: ಕೆಲಸಕ್ಕೆ ಒಂದು ಕೊನೆ ಇತ್ತು. ದೀಪ ಹಚ್ಚಿದರೆ ಕಸಬರಿಗೆಗೂ ರಜೆ, ಹಿಡಿದವಳಿಗೂ ರಜೆ. ರಾತ್ರಿ ಹತ್ತಕ್ಕೂ ಟ್ಯೂಬ್‌ಲೈಟಿನ ಕೆಳಗೆ ಮೂಲೆ ಕೆದರುವ ಈಗಿನ ಗೃಹಿಣಿಯರಿಗೆ ಆ ರಜೆಯೇ ಇಲ್ಲ.

ಈಗ ನೆಲ ಬದಲಾಗಿದೆ. ಮೊದಲು ಶಹಾಬಾದಿ ಫರಸಿ ಬಂತು, ಆಮೇಲೆ ಟೈಲ್ಸ್. ಅಂಗಳಕ್ಕೆ ಸಿಮೆಂಟು ಬಿತ್ತು, ಎಮ್ಮೆ ಮಾರಾಟವಾಯಿತು, ಹಾಲು ಪಾಕೀಟಿನಲ್ಲಿ ಬರತೊಡಗಿತು. ಕೆಲಸ ಹಗುರಾಯಿತು, ಅದರಲ್ಲಿ ಎರಡು ಮಾತಿಲ್ಲ. ಸಗಣಿಯಲ್ಲಿ ಕೈಯಿಟ್ಟು ಸೊಂಟ ನೋಯಿಸಿಕೊಂಡವರು ಯಾರೂ ಮಣ್ಣಿನ ನೆಲ ಮರಳಿ ಬರಲೆಂದು ಹರಕೆ ಹೊರುವುದಿಲ್ಲ. ಆದರೆ ಟೈಲ್ಸ್ ಬಿರಿಯುವುದಿಲ್ಲ, ವಾರ ಒರೆಸದಿದ್ದರೂ ಏನೂ ಕೇಳುವುದಿಲ್ಲ. ಅದರ ಮೇಲೆ ಚುಕ್ಕೆ ಚುಕ್ಕೆ ಡಿಸೈನು. ಧೂಳು ಕಾಣುವುದಿಲ್ಲ ಎಂದು ಹೇಳಿಯೇ ಅಂಗಡಿಯವರು ಮಾರುತ್ತಾರೆ. ಇವತ್ತಿನ ಕಸ ನಾಳೆಗೆ, ನಾಳಿನದು ರವಿವಾರಕ್ಕೆ. ರವಿವಾರ ನೋಡಿದರೆ ಇಡೀ ಮನೆ ಒಂದೇ ಸಲ ಮೈಮೇಲೆ ಬಂದ ಹಾಗೆ ಕಾಣುತ್ತದೆ, ಆಗ ಕೈ ಏಳುವುದಿಲ್ಲ. ಅಲಸುತನ ಎಂದು ಬೈದುಕೊಳ್ಳುವುದು ಸುಲಭ. ನನ್ನ ಲೆಕ್ಕದಲ್ಲಿ ಆದದ್ದು ಬೇರೆ: ಹಳೆಯ ಗೂಟಗಳು ಕಿತ್ತುಹೋದವು, ಹೊಸವನ್ನು ಯಾರೂ ಬಡಿಯಲಿಲ್ಲ.

ಗೂಟ ಬಡಿಯುವುದಕ್ಕೆ ಬೇಕಾದದ್ದು ದಿನಾ ತಪ್ಪದೆ ನಡೆಯುವ ಇನ್ನೊಂದು ಸಂಗತಿ. ರೊಟ್ಟಿ ಬಡಿಯುವುದು ನಮ್ಮ ಕಡೆ ಎಂದೂ ತಪ್ಪುವುದಿಲ್ಲ. ರೊಟ್ಟಿ ಮುಗಿದು ಹಂಚು ಇಳಿಸುವಾಗ ಕಟ್ಟೆಯ ಮೇಲೆ ಜೋಳದ ಹಿಟ್ಟು ಚೆಲ್ಲಿರುತ್ತದೆ; ಅದನ್ನು ಒರೆಸಿದ ಬಟ್ಟೆ ಕೈಯಲ್ಲಿರುವಾಗಲೇ ಒಲೆ, ಡಬ್ಬಿಗಳ ನೆತ್ತಿ, ಫ್ರಿಜ್ಜಿನ ಬಾಗಿಲು ಒರೆಸಿದರೆ ಅಡುಗೆಮನೆ ಆಯಿತು. ಮಕ್ಕಳನ್ನು ಶಾಲೆಗೆ ಕಳಿಸಿ ಬಾಗಿಲಿನಿಂದ ತಿರುಗುವಾಗ ಕಸಬರಿಗೆ ಬಾಗಿಲ ಸಂದಿಯಲ್ಲೇ ಸಿಗಬೇಕು, ಅಟ್ಟದ ಕೆಳಗೆ ಹುಡುಕಬಾರದು. ಚಹಾ ಕುದಿಯುವಷ್ಟು ಹೊತ್ತಿಗೆ ಒಂದು ಮೂಲೆ. ಇವೆಲ್ಲ ಕೇಳಲು ಸಣ್ಣವು. ಬೇಕೋ ಬೇಡವೋ ಎಂದು ಮನಸ್ಸಿನ ಜೊತೆ ಪಂಚಾಯ್ತಿ ಕೂರುವ ಕೆಲಸ ಇವುಗಳಿಂದ ತಪ್ಪುತ್ತದೆ, ದಣಿವಿನ ಅರ್ಧ ಪಾಲು ಆ ಪಂಚಾಯ್ತಿಯದೇ.

ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಫಿಲಿಪ್ಪಾ ಲಾಲಿ ಮತ್ತು ಸಂಗಡಿಗರು ಇದನ್ನೇ ಅಳೆದು ನೋಡಿದ್ದಾರೆ. 96 ಜನ, ಪ್ರತಿಯೊಬ್ಬರೂ ತಮಗಿಷ್ಟವಾದ ಒಂದು ಸಣ್ಣ ಅಭ್ಯಾಸವನ್ನು ದಿನದ ಒಂದು ಗೊತ್ತಾದ ಘಳಿಗೆಗೆ ಗಂಟು ಹಾಕಬೇಕು. ಉದಾಹರಣೆಗೆ ನಾಷ್ಟಾ ಆದ ಮೇಲೆ ಇಂಥದ್ದು. ಅದು ತಾನಾಗಿ ಆಗುವಂತಾಗಲು ಎಷ್ಟು ದಿನ ಬೇಕು ಎಂಬುದು ಪ್ರಶ್ನೆ. 2010ರಲ್ಲಿ ಅಚ್ಚಾದ ಆ ವರದಿಯ ಪ್ರಕಾರ ನಡುಲೆಕ್ಕ 66 ದಿನ. ಕೆಲವರಿಗೆ 18 ದಿನ ಸಾಕಾದರೆ ಇನ್ನು ಕೆಲವರ ಲೆಕ್ಕ 254 ದಿನದವರೆಗೂ ಹೋಗಿತ್ತು. 21 ದಿನ ಮಾಡಿದರೆ ಎಲ್ಲ ರೂಢಿಯಾಗುತ್ತದೆ ಎಂದು ವಾಟ್ಸ್ಆ್ಯಪ್‌ನಲ್ಲಿ ಓಡಾಡುವ ಮಾತಿಗೂ ಇದಕ್ಕೂ ಬಹಳ ದೂರ. ಅದೇ ವರದಿಯ ಇನ್ನೊಂದು ಅಂಶ ಹಳ್ಳಿಮನೆಗೆ ಹೆಚ್ಚು ಹೊಂದುತ್ತದೆ: ನಡುವೆ ಒಂದು ದಿನ ತಪ್ಪಿದರೆ ರೂಢಿ ಮುರಿದುಬೀಳುವುದಿಲ್ಲ. ಮದುವೆ, ಸೀಮಂತ, ಜಾತ್ರೆ, ಮಣ್ಣು ಎಂದು ವಾರಕ್ಕೊಂದು ಕಡೆ ಹೋಗಲೇಬೇಕಾದವರಿಗೆ ಇದು ಸಮಾಧಾನದ ಸುದ್ದಿ.

ಎಲ್ಲ ಕೆಲಸಕ್ಕೂ ದಿನದ ಗೂಟ ಬೇಕಿಲ್ಲ, ಕೆಲವಕ್ಕೆ ವಾರದ್ದು ಸಾಕು. ನಳ ದಿನಾ ಬಾರದ ಊರುಗಳಲ್ಲಿ ನೀರು ತುಂಬಿಡುವುದು ಅನಿವಾರ್ಯ: ಕೊಡ, ಬ್ಯಾರಲ್ಲು, ತೊಟ್ಟಿ, ಮೇಲಿನ ಸಿಂಟೆಕ್ಸು. ಡೆಂಗಿ ಹರಡುವ ಈಡಿಸ್ ಸೊಳ್ಳೆಗೆ ಇದಕ್ಕಿಂತ ಒಳ್ಳೆಯ ಜಾಗ ಬೇರಿಲ್ಲ. ಮೊಟ್ಟೆ ಸೊಳ್ಳೆಯಾಗಿ ಹಾರಲು ವಾರ, ಹತ್ತು ದಿನ ಸಾಕು. ಹಾಗಾಗಿ ವಾರಕ್ಕೊಮ್ಮೆ ಬ್ಯಾರಲ್ಲು ಬರಿದು ಮಾಡಿ ಒಳಮೈ ತಿಕ್ಕಿ ತೊಳೆದರೆ ಆ ಸರಪಳಿ ಕಡಿಯುತ್ತದೆ. ನೀರಷ್ಟೇ ಚೆಲ್ಲಿದರೆ ಆಗದು, ಮೊಟ್ಟೆ ಗೋಡೆಗೆ ಅಂಟಿಕೊಂಡೇ ಉಳಿಯುತ್ತದೆ. 2024ರಲ್ಲಿ ರಾಜ್ಯ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ಎಂದು ಘೋಷಿಸಿ, ಸೊಳ್ಳೆ ಸಾಕಿದ ಹಳ್ಳಿಮನೆಗೆ 200 ರೂಪಾಯಿ, ಪೇಟೆಮನೆಗೆ 400 ರೂಪಾಯಿ ದಂಡ ಗೊತ್ತು ಮಾಡಿತು. ಆಶಾ ಕಾರ್ಯಕರ್ತೆಯರು ಬಂದು ಟಾರ್ಚ್ ಬಿಟ್ಟು ಬ್ಯಾರಲ್ಲಿನೊಳಗೆ ನೋಡುವಾಗ ಸಣ್ಣ ಸಣ್ಣ ಹುಳ ಕುಪ್ಪಳಿಸುವುದನ್ನು ಒಮ್ಮೆ ನಾವೂ ಬಗ್ಗಿ ನೋಡಿದರೆ ಹುಮ್ಮಸ್ಸಿಗೆ ಬೇರೆ ಔಷಧ ಬೇಡ. ನಮ್ಮ ಮನೆಯಲ್ಲಿ ಈ ಕೆಲಸ ನಳ ಬರುವ ಹಿಂದಿನ ಸಂಜೆಯದು. ಹೇಗೂ ತಳ ಕಂಡಿರುತ್ತದೆ.

ಇಷ್ಟೆಲ್ಲ ಹೇಳಿದರೂ ಒಂದು ಪ್ರಶ್ನೆ ಉಳಿಯುತ್ತದೆ. ಹುಮ್ಮಸ್ಸು ಹೇಗೆ ಉಳಿಸಿಕೊಳ್ಳಬೇಕು ಎಂಬ ಉಪದೇಶ ಹೆಂಗಸರಿಗೇ ಯಾಕೆ? ಕೇಂದ್ರ ಸರ್ಕಾರದ 2019ರ ಸಮಯ ಬಳಕೆ ಸಮೀಕ್ಷೆಯಲ್ಲಿ ಅಡುಗೆ, ಕಸ, ಬಾಂಡೆ, ಬಟ್ಟೆಗೆ ಕೈಹಾಕಿದ ಹೆಂಗಸರು ದಿನಕ್ಕೆ 299 ನಿಮಿಷ ಕೊಟ್ಟಿದ್ದರು. ಕೈಹಾಕಿದ ಗಂಡಸರು 97 ನಿಮಿಷ. ಕೈಹಾಕದ ಗಂಡಸರೇ ಬಹಳ, ಅವರು ಈ ಲೆಕ್ಕದಲ್ಲಿಲ್ಲ. 2024ರಲ್ಲಿ ಮತ್ತೆ ಅಳೆದಾಗ ಹೆಂಗಸರದು 289ಕ್ಕೆ ಇಳಿದಿತ್ತು. ಗಂಡಸರದೂ ಇಳಿದು 88 ಆಗಿತ್ತು! ನಮ್ಮ ನಾಡು ಕಾಯಕದ ನಾಡು. 12ನೇ ಶತಮಾನದ ಶರಣೆ ಸತ್ಯಕ್ಕನದು ಕಸ ಗುಡಿಸುವ ಕಾಯಕ ಎಂದು ಪುರಾಣ, ಪ್ರವಚನದಲ್ಲಿ ಕೇಳಿ ತಲೆದೂಗುವ ಗಂಡಸರು ಮನೆಗೆ ಬಂದು, ಉಂಡ ತಾಟು ಅಲ್ಲೇ ಬಿಟ್ಟು ಏಳುತ್ತಾರೆ.

ನಮ್ಮ ಮನೆಯಲ್ಲಿ ಪಾಲು ಹಂಚಿದ್ದು ದೊಡ್ಡ ಭಾಷಣದಿಂದಲ್ಲ, ಅತ್ತೆಯವರ ಮೊಣಕಾಲು ನೋವಿನಿಂದ. ಮಾಳಿಗೆ ಕಸ ಮತ್ತು ಫ್ಯಾನು ಯಜಮಾನರಿಗೆ, ಬಚ್ಚಲು ಮಗನಿಗೆ, ಚಪ್ಪಲಿ ಜಾಗ ಮಗಳಿಗೆ ಬಂತು. ಮೊದಮೊದಲು ಮಗ "ಯವ್ವಾ, ಇದು ಹುಡುಗ್ಯಾರ ಕೆಲಸ ಬೇ" ಎಂದ. ಅಜ್ಜಿ ಒಳಗಿನಿಂದಲೇ ಕೂಗಿದರು: "ಜಳಕಾ ನೀ ಮಾಡಂಗಿಲ್ಲೇನಲೇ ಹಂಗಾರ?" ಅಲ್ಲಿಗೆ ಅದು ಮುಗಿಯಿತು. ಯಜಮಾನರ ಕಥೆ ಸ್ವಲ್ಪ ಬೇರೆ. ಮಾಳಿಗೆಯ ಮೇಲೆ ಕಸಬರಿಗೆ ಹಿಡಿದಿದ್ದು ಪಕ್ಕದ ಮನೆಯವರಿಗೆ ಕಂಡು, "ಏನವಾ, ಗಂಡನ ಕೈಯಾಗ ಕಸಬರಗಿ ಕೊಟ್ಟೀಯಂತ?" ಎಂಬ ವಿಚಾರಣೆ ನನಗೆ ನಡೆಯಿತು, ಅವರಿಗಲ್ಲ. ಆಮೇಲೆ ಅವರು ಹೊತ್ತು ಮೂಡುವ ಮೊದಲೇ ಮಾಳಿಗೆ ಮುಗಿಸಿ ಇಳಿಯತೊಡಗಿದರು. ಒಳಗಿನ ನಾಲ್ಕು ಗೋಡೆಯ ನಡುವೆ ಏನು ಬೇಕಾದರೂ ಮಾಡುತ್ತಾರೆ, ಅಂಗಳ ಮಾತ್ರ ಮುಟ್ಟುವುದಿಲ್ಲ. ರಾಜೂರಿನಲ್ಲಿ ಬೆಳಗ್ಗೆ ಅಂಗಳ ಗುಡಿಸುವ ಗಂಡಸನ್ನು ನಾನಿನ್ನೂ ಕಂಡಿಲ್ಲ.

ಮನೆ ಅಚ್ಚುಕಟ್ಟು ಮಾಡುವುದನ್ನು ಜಗತ್ತಿಗೇ ಕಲಿಸಿದ ಜಪಾನಿನ ಮರಿ ಕೊಂಡೊ ಕೂಡ ಮೂರು ಮಕ್ಕಳಾದ ಮೇಲೆ ಮೊದಲಿನ ಹಾಗೆ ಮನೆ ಇಡುವುದನ್ನು ಹೆಚ್ಚುಕಡಿಮೆ ಬಿಟ್ಟಿದ್ದೇನೆ ಎಂದು 2023ರಲ್ಲಿ ಹೇಳಿಕೊಂಡರು. ಅದನ್ನು ಓದಿ ನಕ್ಕವರು ಬಹಳ. ನನಗೆ ಅವರ ಮೇಲೆ ಗೌರವ ಹೆಚ್ಚಿತು. ಮನೆಯಲ್ಲಿ ಜನ ಇದ್ದಾರೆಂದರೆ ಕಸ ಇರುತ್ತದೆ. ಯಾವ ಕಸವನ್ನು ಯಾವಾಗ ಬಿಡಬಹುದು ಎಂಬ ಲೆಕ್ಕ ಗೊತ್ತಿದ್ದವರು ಹೆಚ್ಚು ದಿನ ಬಾಳುತ್ತಾರೆ.

ಒಕ್ಕಲುತನದ ಮನೆಗಳಿಗೆ ಆ ಲೆಕ್ಕ ಮೊದಲಿನಿಂದಲೂ ಗೊತ್ತು. ಕಡಲೆ ರಾಶಿಯ ದಿನಗಳಲ್ಲಿ ಹೊಟ್ಟು ಹಾರಿ ಬಂದು ಕೂದಲಿಗೆ, ಹಾಸಿಗೆಗೆ, ಉಪ್ಪಿನ ಡಬ್ಬಿಗೂ ಸೇರುತ್ತದೆ. ಪಡಸಾಲೆಯ ತುಂಬ ಚೀಲ, ಕಾಳು ಆರಿಸುವವರು ಒಂದು ಕಡೆ, ತೂಕಕ್ಕೆ ಬಂದವರು ಇನ್ನೊಂದು ಕಡೆ, ಹೊಲದಿಂದ ಬಂದವರ ಕಾಲಲ್ಲಿ ಎರೆಮಣ್ಣು. ಆಗ ಅತ್ತೆಯವರೇ "ಒರಸೂದ ಬಿಡ್ರೆವಾ ಈಗ" ಎಂದು ಅಪ್ಪಣೆ ಕೊಡುತ್ತಾರೆ. ಅಡುಗೆಮನೆ, ಬಚ್ಚಲು, ನೀರಿನ ಬ್ಯಾರಲ್ಲು, ಈ ಮೂರಕ್ಕೆ ಮಾತ್ರ ರಜೆಯಿಲ್ಲ. ಉಳಿದ ಮನೆ ಹೇಗಿದೆಯೋ ಹಾಗೇ ಇರುತ್ತದೆ, ಚೀಲ ಗಾಡಿ ಏರುವವರೆಗೆ. ಚೀಲ ಹೋದ ಮರುದಿನ ಮೊದಲು ಜಂತಿ, ತೊಲೆಯ ಜೇಡರ ಬಲೆ, ಆಮೇಲೆ ಗೋಡೆ, ಕಡೆಗೆ ನೆಲ. ಕೆಳಗಿನಿಂದ ಶುರು ಮಾಡಿದವರು ಅದೇ ನೆಲವನ್ನು ಎರಡು ಸಲ ಗುಡಿಸಬೇಕಾಗುತ್ತದೆ. ಬುಟ್ಟಿಯಲ್ಲಿ ಕೂಡಿದ ಹೊಟ್ಟನ್ನು ಚೆಲ್ಲುವುದಿಲ್ಲ. ಇನ್ನೂ ದನ ಇಟ್ಟುಕೊಂಡಿರುವ ಹಿಂದಿನ ಓಣಿಯವರು ಕೇಳಿ ಒಯ್ಯುತ್ತಾರೆ.